ಚಳಿಗಾಲದ ಕಿರು ನಗರ ಪ್ರವಾಸ: ಚೀಲ ಕಟ್ಟುವುದರಿಂದ ಊರು ಸುತ್ತುವವರೆಗೆ

ಎರಡು ಮೂರು ದಿನಗಳ ಚಳಿಗಾಲದ ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ಚಳಿಯೊಂದನ್ನೇ ಲೆಕ್ಕಕ್ಕೆ ಹಿಡಿದು ಚೀಲ ತುಂಬುತ್ತಾರೆ. ಇಂಥ ಪ್ರವಾಸ ಹಿತವಾಗುವುದೋ ದಣಿವಾಗುವುದೋ ಎಂಬುದನ್ನು ನಿರ್ಧರಿಸುವ ಸಂಗತಿಗಳು ಇನ್ನೂ ಎರಡಿವೆ. ಮೊದಲನೆಯದು ಹಗಲಿನ ಬೆಳಕು ಎಷ್ಟು ಹೊತ್ತು ಇರುತ್ತದೆ ಎಂಬುದು. ಎರಡನೆಯದು ನಗರದಲ್ಲಿ ದಿನಕ್ಕೆ ಹತ್ತಾರು ಸಲ ಕೊರೆಯುವ ಗಾಳಿಯಿಂದ ಬೆಚ್ಚಗಿನ ಕಟ್ಟಡದೊಳಕ್ಕೂ ಮತ್ತೆ ಅಲ್ಲಿಂದ ಹೊರಕ್ಕೂ ಓಡಾಡಬೇಕಾಗುತ್ತದೆ ಎಂಬುದು. ಬೆಟ್ಟ ಹತ್ತುವವರು ಇಡೀ ದಿನ ಬಯಲಿನಲ್ಲೇ ಇರುತ್ತಾರೆ. ನಗರ ನೋಡುವವರು ಹಾಗಲ್ಲ. ಆದ್ದರಿಂದ ಬಟ್ಟೆಯನ್ನು ಸುಲಭವಾಗಿ ತೆಗೆದು ಹಾಕಿಕೊಳ್ಳುವಂತೆ ಆರಿಸುವುದು ಮತ್ತು ದಿನವನ್ನು ಬೆಳಕಿಗೆ ತಕ್ಕಂತೆ ಹೊಂದಿಸುವುದು, ಈ ಎರಡರ ಸುತ್ತ ಈ ಮಾರ್ಗದರ್ಶಿಯನ್ನು ಹೆಣೆಯಲಾಗಿದೆ.

ಹಂತ 1: ದಿನಾಂಕ ಗೊತ್ತುಮಾಡುವ ಮೊದಲು ಹಗಲಿನ ಉದ್ದ ನೋಡಿ

ಉತ್ತರಾರ್ಧಗೋಳದಲ್ಲಿ ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ರಂದು ಬರುತ್ತದೆ. ದಕ್ಷಿಣಾರ್ಧಗೋಳದ ನಗರಗಳಿಗೆ ಚಳಿಗಾಲವೆಂದರೆ ಜೂನ್‌ನಿಂದ ಆಗಸ್ಟ್, ಅಲ್ಲಿನ ಅತಿ ಚಿಕ್ಕ ಹಗಲು ಜೂನ್ 20 ಅಥವಾ 21. ಆ ದಿನ 30 ಡಿಗ್ರಿ ಅಕ್ಷಾಂಶದ ನಗರದಲ್ಲಿ ಹಗಲು ಹತ್ತು ಗಂಟೆಗಿಂತ ಸ್ವಲ್ಪ ಹೆಚ್ಚಿರುತ್ತದೆ. 40 ಡಿಗ್ರಿಯಲ್ಲಿ ಒಂಬತ್ತು ಗಂಟೆಯನ್ನು ತುಸು ದಾಟುತ್ತದೆ. 50 ಡಿಗ್ರಿಯಲ್ಲಿ ಸುಮಾರು ಎಂಟು ಗಂಟೆಗೆ ಇಳಿಯುತ್ತದೆ. 60 ಡಿಗ್ರಿಯಲ್ಲಿ ಆರು ಗಂಟೆಯೂ ತುಂಬುವುದಿಲ್ಲ. ಧ್ರುವವೃತ್ತದ ಆಚೆಗೆ ಹೋದರೆ ಸೂರ್ಯ ಹುಟ್ಟದ ದಿನಗಳೇ ಇವೆ.

ಮೂರು ದಿನಗಳ ಪ್ರವಾಸದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. 50 ಡಿಗ್ರಿ ಅಕ್ಷಾಂಶದ ನಗರಕ್ಕೆ ಡಿಸೆಂಬರ್ ಕೊನೆಯ ಬದಲು ಫೆಬ್ರವರಿ ನಡುವಿನಲ್ಲಿ ಹೋದರೆ ದಿನಕ್ಕೆ ಸುಮಾರು ಎರಡು ಗಂಟೆ ಹೆಚ್ಚು ಬೆಳಕು ಸಿಗುತ್ತದೆ, ಅಂದರೆ ಮೂರು ದಿನಗಳಲ್ಲಿ ಆರು ಗಂಟೆ. ಹಬ್ಬದ ದೀಪಾಲಂಕಾರ ನೋಡುವುದೇ ಪ್ರವಾಸದ ಉದ್ದೇಶವಾದರೆ ಕತ್ತಲು ಬೇಗ ಕವಿಯುವುದು ಅನುಕೂಲವೇ. ಕಟ್ಟಡಗಳು, ಉದ್ಯಾನಗಳು, ಹಳೆಯ ಬೀದಿಗಳನ್ನು ನೋಡಬೇಕೆಂದಿದ್ದರೆ ದಿನಾಂಕವನ್ನು ಕೆಲವು ವಾರ ಮುಂದೂಡುವುದು ಒಳ್ಳೆಯದು. ಹೋಗುವ ದಿನಗಳ ಸೂರ್ಯೋದಯ ಮತ್ತು ಸೂರ್ಯಾಸ್ತದ ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಯೋಜನೆಯೆಲ್ಲ ಅದರ ಮೇಲೆಯೇ ನಿಲ್ಲುತ್ತದೆ.

ಸ್ಥಳಗಳ ರಜೆಯ ದಿನಗಳನ್ನೂ ಇದೇ ಹಂತದಲ್ಲಿ ಪರಿಶೀಲಿಸಬೇಕು. ಜಗತ್ತಿನ ಅನೇಕ ವಸ್ತುಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ, ಕೆಲವು ಮಂಗಳವಾರ. ಕೋಟೆ, ಉದ್ಯಾನ, ದೋಣಿವಿಹಾರ, ವೀಕ್ಷಣಾ ಗೋಪುರ ಮುಂತಾದವು ಚಳಿಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಇಟ್ಟುಕೊಳ್ಳುತ್ತವೆ ಅಥವಾ ಋತು ಮುಗಿಯುವವರೆಗೆ ಬಾಗಿಲು ಹಾಕಿರುತ್ತವೆ. ಹಳೆಯ ಪ್ರವಾಸಕಥನದಲ್ಲೋ ನಕ್ಷೆಯಲ್ಲೋ ಕಂಡ ವೇಳೆಯನ್ನು ನಂಬದೆ ಆಯಾ ಸ್ಥಳದ ಅಧಿಕೃತ ಮಾಹಿತಿಯನ್ನೇ ನೋಡುವುದು ಕ್ಷೇಮ. ಮುಚ್ಚುವ ವೇಳೆಯ ಜೊತೆಗೆ ಕೊನೆಯ ಪ್ರವೇಶದ ವೇಳೆಯನ್ನೂ ಗಮನಿಸಿ. ಅದು ಬಹಳ ಕಡೆ ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಮೊದಲೇ ಇರುತ್ತದೆ.

ಹಂತ 2: ಹವಾಮಾನ ಮುನ್ಸೂಚನೆಯನ್ನು ಸರಿಯಾಗಿ ಓದಿ

ಮುನ್ಸೂಚನೆಯಲ್ಲಿ ಗರಿಷ್ಠ ಉಷ್ಣಾಂಶವನ್ನಷ್ಟೇ ನೋಡಿ ಬಟ್ಟೆ ಆರಿಸುವುದು ಸಾಲದು. ಗಾಳಿಯ ವೇಗವನ್ನು ಖಂಡಿತ ನೋಡಬೇಕು. ನಮ್ಮ ಚರ್ಮಕ್ಕೆ ತಾಗಿಕೊಂಡಿರುವ ಬೆಚ್ಚಗಿನ ಗಾಳಿಯ ತೆಳು ಪದರವನ್ನು ಬೀಸುಗಾಳಿ ಒರೆಸಿಕೊಂಡು ಹೋಗುವುದರಿಂದ ದೇಹ ಬೇಗ ತಣ್ಣಗಾಗುತ್ತದೆ. ಕೆನಡಾ ಮತ್ತು ಅಮೆರಿಕ 2001ರಿಂದ ಬಳಸುತ್ತಿರುವ ಶೀತಗಾಳಿ ಸೂತ್ರದ ಪ್ರಕಾರ, 5 ಡಿಗ್ರಿ ಸೆಲ್ಸಿಯಸ್ ಇರುವಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ 0 ಡಿಗ್ರಿಯ ಅನುಭವವಾಗುತ್ತದೆ. 0 ಡಿಗ್ರಿಯಲ್ಲಿ ಅದೇ ಗಾಳಿ ಸುಮಾರು ಮೈನಸ್ 6 ಡಿಗ್ರಿಯ ಅನುಭವ ಕೊಡುತ್ತದೆ. ನದಿಯ ಸೇತುವೆ, ಸಮುದ್ರತೀರ, ಎತ್ತರದ ಕಟ್ಟಡಗಳ ನಡುವಿನ ಓಣಿ, ಬಯಲು ಚೌಕಗಳಲ್ಲಿ ಗಾಳಿ ಜೋರಾಗಿರುವುದರಿಂದ ಒಂದೇ ನಗರದೊಳಗೆ ಎರಡು ಬಗೆಯ ಚಳಿ ಇರುತ್ತದೆ.

ಎರಡನೆಯದಾಗಿ, ಉಷ್ಣಾಂಶ ಸೊನ್ನೆಯ ಆಚೀಚೆ ಓಲಾಡುತ್ತಿದೆಯೇ ಎಂದು ನೋಡಿ. ಹಗಲು ಎರಡು ಮೂರು ಡಿಗ್ರಿ, ರಾತ್ರಿ ಮೈನಸ್ ಒಂದೆರಡು ಎಂದಿದ್ದರೆ, ಹಗಲಲ್ಲಿ ಕರಗಿದ ಹಿಮ ರಾತ್ರಿ ಗಟ್ಟಿಯಾಗಿ ಬೆಳಗ್ಗೆ ಕಾಲುದಾರಿಯ ಮೇಲೆ ಪಾರದರ್ಶಕ ಮಂಜುಗಡ್ಡೆಯ ಪೊರೆಯಾಗಿ ಕೂತಿರುತ್ತದೆ. ನಡೆಯುವವರಿಗೆ ಸ್ಥಿರವಾದ ಮೈನಸ್ 10 ಡಿಗ್ರಿಗಿಂತ ಇದೇ ಹೆಚ್ಚು ಅಪಾಯಕಾರಿ, ಏಕೆಂದರೆ ಸೊನ್ನೆಯ ಸಮೀಪದ ಒದ್ದೆ ಮಂಜುಗಡ್ಡೆ ಗಟ್ಟಿ ಚಳಿಯ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ.

ಹಂತ 3: ಒಂದು ದಪ್ಪ ಕೋಟಿನ ಬದಲು ಮೂರು ಪದರ

ಬೆಚ್ಚಗಿಡುವುದು ಬಟ್ಟೆಯ ನೂಲಿಗಿಂತ ಹೆಚ್ಚಾಗಿ ಆ ನೂಲಿನ ನಡುವೆ ಅಲುಗಾಡದೆ ನಿಂತ ಗಾಳಿ. ಆದ್ದರಿಂದಲೇ ಒಂದೇ ದಪ್ಪ ಬಟ್ಟೆಗಿಂತ ತೆಳುವಾದ ಎರಡು ಮೂರು ಬಟ್ಟೆಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. ಅವುಗಳ ನಡುವೆಯೂ ಗಾಳಿ ಸಿಕ್ಕಿಕೊಂಡಿರುತ್ತದೆ, ಬೇಕಾದಾಗ ಒಂದನ್ನು ಕಳಚಲೂ ಬರುತ್ತದೆ.

ಮೈಗೆ ತಾಗುವ ಒಳಪದರದ ಕೆಲಸ ಬೆವರನ್ನು ಚರ್ಮದಿಂದ ದೂರ ಸಾಗಿಸುವುದು. ಇಲ್ಲಿ ಹತ್ತಿಯ ಬನಿಯನ್ ಬೇಡ. ಹತ್ತಿ ನೀರನ್ನು ಹೀರಿಕೊಂಡು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ನಿಂತ ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ಹೆಚ್ಚು ಶಾಖವನ್ನು ಸಾಗಿಸುವುದರಿಂದ ಒದ್ದೆ ಹತ್ತಿ ಮೈಯ ಬಿಸಿಯನ್ನು ಹೊರಗೆ ಎಳೆಯುತ್ತಲೇ ಇರುತ್ತದೆ. ತೆಳು ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್‌ನ ಥರ್ಮಲ್ ಸರಿಯಾದ ಆಯ್ಕೆ. ಉಣ್ಣೆಯ ನೂಲು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಒದ್ದೆಯೆನಿಸುವುದಿಲ್ಲ, ಬೇಗ ವಾಸನೆಯನ್ನೂ ಹಿಡಿಯುವುದಿಲ್ಲ. ಹಾಗಾಗಿ ಮೂರು ದಿನಗಳಿಗೆ ಎರಡೇ ಸಾಕು. ಪಾಲಿಯೆಸ್ಟರ್ ಅಗ್ಗ, ಬೇಗ ಒಣಗುತ್ತದೆ, ಆದರೆ ವಾಸನೆ ಬೇಗ ಬರುತ್ತದೆ.

ನಡುವಿನ ಪದರ ಫ್ಲೀಸ್ (ಉಣ್ಣೆಯಂತೆ ಮೃದುವಾದ ಕೃತಕ ನಾರಿನ ಬಟ್ಟೆ) ಆಗಬಹುದು, ಉಣ್ಣೆಯ ಸ್ವೆಟರ್ ಆಗಬಹುದು. ಆದರೆ ಅದು ಮುಂಭಾಗದಲ್ಲಿ ಜಿಪ್ ಇರುವಂಥದ್ದಾಗಿರಲಿ ಎಂದು ನಾನು ಒತ್ತಿ ಹೇಳುತ್ತೇನೆ. ತಲೆಯ ಮೇಲಿನಿಂದ ಎಳೆದು ತೆಗೆಯುವ ಸ್ವೆಟರನ್ನು ಬಸ್ಸಿನಲ್ಲೋ ಸಂಗ್ರಹಾಲಯದ ಸರದಿಯಲ್ಲೋ ತೆಗೆಯುವುದು ಕಷ್ಟವಾದ್ದರಿಂದ ಜನ ಅದನ್ನು ತೆಗೆಯದೆ ಬೆವರುತ್ತಾರೆ, ಬೆವರಿದ ಮೈಯಲ್ಲಿ ಹೊರಗೆ ಬಂದು ನಡುಗುತ್ತಾರೆ. ನಗರ ಪ್ರವಾಸದಲ್ಲಿ ಚಳಿ ಹತ್ತುವುದಕ್ಕೆ ಹೊರಗಿನ ಹವೆಯಷ್ಟೇ ಒಳಗಿನ ಸೆಖೆಯೂ ಕಾರಣ. ಒಳಗೆ ಕಾಲಿಟ್ಟ ಕೂಡಲೇ ಹೊರಪದರವನ್ನು ಬಿಚ್ಚುವ, ಮಫ್ಲರ್ ಸಡಿಲಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ.

ಹೊರಪದರದ ಆಯ್ಕೆ ನಗರದ ಹವೆಯನ್ನು ಅವಲಂಬಿಸಿದೆ. ಒಣ ಚಳಿಯ ಊರಿಗೆ ಹಕ್ಕಿಯ ನವಿರುಗರಿ ತುಂಬಿದ ಡೌನ್ ಜಾಕೆಟ್ ಅತ್ಯುತ್ತಮ; ಅದು ಹಗುರ, ಮಡಚಿದರೆ ಸಣ್ಣದಾಗುತ್ತದೆ. ಆದರೆ ನೆನೆದರೆ ಗರಿಗಳು ಮುದ್ದೆಗಟ್ಟಿ, ಒಳಗೆ ಗಾಳಿ ನಿಲ್ಲಲು ಜಾಗವಿಲ್ಲದೆ ಅದರ ಬೆಚ್ಚನೆಯ ಗುಣ ಹೊರಟುಹೋಗುತ್ತದೆ. ಮಳೆ, ಒದ್ದೆ ಹಿಮ, ಸಮುದ್ರದ ತೇವ ಇರುವ ಊರಿಗೆ ಕೃತಕ ನಾರು ತುಂಬಿದ ಜಾಕೆಟ್ ಅಥವಾ ಡೌನ್ ಮೇಲೆ ತೊಡಬಹುದಾದ ಜಲನಿರೋಧಕ ಮೇಲಂಗಿ ಬೇಕು. ಎರಡರಲ್ಲಿ ಯಾವುದೇ ಆಗಲಿ, ಸೊಂಟದ ಕೆಳಗೆ ಬರುವಷ್ಟು ಉದ್ದ, ತಲೆಮುಸುಕು, ಜಿಪ್ ಇರುವ ಒಳಜೇಬು ಇರಲಿ.

ತಲೆಯಿಂದಲೇ ದೇಹದ ಅರ್ಧದಷ್ಟು ಶಾಖ ಹೋಗುತ್ತದೆ ಎಂಬ ಮಾತು ನಿಜವಲ್ಲ. ತಲೆ ದೇಹದ ಮೇಲ್ಮೈಯ ಹತ್ತನೇ ಒಂದು ಭಾಗದಷ್ಟು ಮಾತ್ರ, ಶಾಖವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹೋಗುತ್ತದೆ. ಆದರೆ ಉಳಿದ ಮೈಯೆಲ್ಲ ಮುಚ್ಚಿದ್ದು ತಲೆಯೊಂದೇ ಬೋಳಾಗಿದ್ದರೆ ನಷ್ಟ ಎದ್ದು ಕಾಣುತ್ತದೆ, ಕಿವಿಗಳಂತೂ ಬೇಗ ಮರಗಟ್ಟುತ್ತವೆ. ಕಿವಿ ಮುಚ್ಚುವ ಟೋಪಿ, ಕುತ್ತಿಗೆಯ ಮಫ್ಲರ್ ಇವೆರಡೂ ಬೇಕು. ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡರೆ ಒಳಗೆಳೆಯುವ ಗಾಳಿ ತುಸು ಬೆಚ್ಚಗೂ ತೇವವಾಗಿಯೂ ಇರುತ್ತದೆ, ಉಬ್ಬಸ ಇರುವವರಿಗೆ ಇದು ದೊಡ್ಡ ಸಹಾಯ. ಬೆರಳುಗಳು ಒಂದಕ್ಕೊಂದು ತಾಗಿಕೊಂಡಿರುವ ಮಿಟನ್ ಬಗೆಯ ಕೈಗವಸು ಬೆರಳು ಬೇರೆಬೇರೆ ಇರುವುದಕ್ಕಿಂತ ಬೆಚ್ಚಗಿರುತ್ತದೆ; ಅದರೊಳಗೆ ಮೊಬೈಲ್ ಪರದೆ ಮುಟ್ಟಲು ಬರುವ ತೆಳುಗವಸು ತೊಟ್ಟರೆ ಫೋಟೊ ತೆಗೆಯುವಾಗ ಬರಿಗೈ ಮಾಡಬೇಕಿಲ್ಲ.

ಕೆಳಗಿನ ಭಾಗಕ್ಕೆ ಒಂದು ಥರ್ಮಲ್ ಪೈಜಾಮ ಮತ್ತು ಎರಡು ಪ್ಯಾಂಟ್ ಸಾಕು. ಜೀನ್ಸ್ ಕೂಡ ಹತ್ತಿಯೇ ಎಂಬುದನ್ನು ನೆನಪಿಡಿ. ನೆನೆದರೆ ಒಣಗಲು ಒಂದು ರಾತ್ರಿ ಸಾಲದೆ ಹೋಗಬಹುದು.

ಹಂತ 4: ಪಾದಗಳಿಗೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಿ

ಚೀಲದಲ್ಲಿ ಏನೇ ಕೊರತೆಯಾದರೂ ಸಹಿಸಬಹುದು, ಒದ್ದೆಯಾದ ತಣ್ಣನೆಯ ಪಾದಗಳನ್ನು ಸಹಿಸಿಕೊಂಡು ಊರು ನೋಡಲಾಗದು. ಶೂ ಜಲನಿರೋಧಕವಾಗಿರಬೇಕು, ಕಣಕಾಲು ಮುಚ್ಚಬೇಕು, ಅಡಿಭಾಗದಲ್ಲಿ ಆಳವಾದ ಗೀರುಗಳಿರುವ ಮೃದು ರಬ್ಬರ್ ಇರಬೇಕು. ಗಟ್ಟಿ ಪ್ಲಾಸ್ಟಿಕ್ ಅಥವಾ ಚರ್ಮದ ನುಣುಪು ಅಡಿ ಮಂಜುಗಡ್ಡೆಯ ಮೇಲೆ ನಿಲ್ಲುವುದಿಲ್ಲ. ಅಡಿಭಾಗ ದಪ್ಪವಾಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಪಾದದ ಶಾಖ ಬಹುಪಾಲು ತಣ್ಣನೆಯ ಕಲ್ಲುಹಾಸಿಗೆ ಇಳಿದು ಹೋಗುತ್ತದೆ.

ಬೆಚ್ಚಗಿರಲೆಂದು ಎರಡು ಜೊತೆ ದಪ್ಪ ಕಾಲುಚೀಲಗಳನ್ನು ಬಿಗಿಯಾದ ಶೂನೊಳಗೆ ತುರುಕುವುದು ತಿರುಗುಬಾಣವಾಗುತ್ತದೆ. ಒತ್ತಡದಿಂದ ರಕ್ತಸಂಚಾರ ಕಡಿಮೆಯಾಗಿ, ಗಾಳಿಗೆ ಜಾಗವಿಲ್ಲದೆ ಬೆರಳುಗಳು ಬೇಗ ತಣ್ಣಗಾಗುತ್ತವೆ. ಒಂದೇ ಜೊತೆ ಉಣ್ಣೆಯ ಕಾಲುಚೀಲ ತೊಟ್ಟಾಗ ಬೆರಳು ಆರಾಮವಾಗಿ ಆಡಿಸುವಷ್ಟು ಜಾಗ ಇರುವ ಶೂ ಆರಿಸಿ. ಹೊಸ ಶೂವನ್ನು ಹೊರಡುವ ಹಿಂದಿನ ದಿನ ಕೊಂಡು ಹೋಗಬೇಡಿ. ಕನಿಷ್ಠ ಒಂದೆರಡು ವಾರ ಮನೆಯ ಸುತ್ತ ನಡೆದು ಪಳಗಿಸಿ. ಪ್ರತಿದಿನಕ್ಕೆ ಒಂದು ಜೊತೆ ಕಾಲುಚೀಲ ಮತ್ತು ಅದರ ಮೇಲೊಂದು ಹೆಚ್ಚುವರಿ ಜೊತೆ ಇರಲಿ. ಆ ಹೆಚ್ಚುವರಿ ಜೊತೆ ದಿನದ ಕೈಚೀಲದಲ್ಲೇ ಇರಬೇಕು, ಕೊಠಡಿಯಲ್ಲಿ ಅಲ್ಲ. ಮಂಜುಗಡ್ಡೆಯ ನಿರೀಕ್ಷೆ ಇರುವ ಊರಿಗೆ ಶೂ ಮೇಲೆ ಎಳೆದು ತೊಡುವ ಮುಳ್ಳಿನ ಹಿಡಿಕೆಗಳನ್ನು ಒಯ್ಯಬಹುದು, ಆದರೆ ಕಟ್ಟಡದೊಳಗೆ ಹೋಗುವ ಮುನ್ನ ಅವನ್ನು ತೆಗೆಯಬೇಕು. ನುಣುಪು ನೆಲದ ಮೇಲೆ ಅವೇ ಜಾರುತ್ತವೆ.

ಹಂತ 5: ಸಣ್ಣ ಸಾಮಾನುಗಳು ಮತ್ತು ಬ್ಯಾಟರಿ

ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಯಲ್ಲಿ ನಿಧಾನವಾಗುವುದರಿಂದ ಅರ್ಧ ಚಾರ್ಜ್ ತೋರಿಸುತ್ತಿದ್ದ ಫೋನ್ ಹಠಾತ್ತಾಗಿ ಆರಿಹೋಗಬಹುದು. ಹೆಚ್ಚಿನ ಸಲ ಇದು ತಾತ್ಕಾಲಿಕ. ಬೆಚ್ಚಗಾದ ಮೇಲೆ ಚಾರ್ಜ್ ಮರಳುತ್ತದೆ. ಫೋನನ್ನು ಹೊರಜೇಬಿನಲ್ಲಿ ಇಡದೆ ಎದೆಯ ಒಳಜೇಬಿನಲ್ಲಿ ಇಡಿ, ಕ್ಯಾಮೆರಾ ಇದ್ದರೆ ಅದರ ಹೆಚ್ಚುವರಿ ಬ್ಯಾಟರಿಯನ್ನೂ ಅಲ್ಲೇ ಇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವುದು ಬ್ಯಾಟರಿಗೆ ಶಾಶ್ವತ ಹಾನಿ ಮಾಡಬಲ್ಲದಾದ್ದರಿಂದ ಪವರ್ ಬ್ಯಾಂಕ್ ಬಳಕೆ ಒಳಗೆ ಕೂತಾಗಲೇ ಆಗಲಿ. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಸಾಮಾನಿನಲ್ಲೇ ಇರಬೇಕು. ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ ಸಾಮಾನ್ಯವಾಗಿ 100 ವಾಟ್-ಅವರ್. 20,000 ಮಿಲಿಆಂಪಿಯರ್-ಅವರ್ ಎಂದು ಬರೆದಿರುವ ಮಾಮೂಲಿ ಪವರ್ ಬ್ಯಾಂಕ್ ಸುಮಾರು 74 ವಾಟ್-ಅವರ್ ಆಗುವುದರಿಂದ ಅದು ಮಿತಿಯೊಳಗೇ ಬರುತ್ತದೆ.

ಚಳಿಯಲ್ಲಿದ್ದ ಕ್ಯಾಮೆರಾವನ್ನು ಬೆಚ್ಚಗಿನ ಕೊಠಡಿಗೆ ನೇರವಾಗಿ ತಂದರೆ ಗಾಳಿಯ ತೇವ ಲೆನ್ಸಿನ ಮೇಲೂ ಒಳಗೂ ಹನಿಗಟ್ಟುತ್ತದೆ. ಹೊರಗಿರುವಾಗಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ, ಒಳಗೆ ಬಂದು ಅದು ಕೊಠಡಿಯ ಉಷ್ಣಾಂಶಕ್ಕೆ ಬಂದ ಮೇಲೆ ತೆರೆಯಿರಿ.

ತುಟಿಗೆ ಹಚ್ಚುವ ಮುಲಾಮು, ಕೈಗೆ ಹಚ್ಚುವ ಕ್ರೀಮ್, ಸಣ್ಣ ಥರ್ಮಾಸ್, ಮಡಚುವ ಕೊಡೆ, ನಿತ್ಯದ ಔಷಧಿ ಇರಲಿ. ತಂಪುಕನ್ನಡಕವನ್ನು ಬಿಟ್ಟು ಹೋಗಬೇಡಿ: ಹೊಸದಾಗಿ ಬಿದ್ದ ಹಿಮ ಅತಿನೇರಳೆ ಕಿರಣಗಳಲ್ಲಿ ಶೇ. 80ರವರೆಗೆ ಪ್ರತಿಫಲಿಸಬಲ್ಲದು, ಮೇಲಾಗಿ ಚಳಿಗಾಲದ ತಗ್ಗಿನ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ.

ಹಂತ 6: ಚೀಲ ಕಟ್ಟುವುದು

ದಪ್ಪ ಜಾಕೆಟ್, ಭಾರದ ಶೂ, ಸ್ವೆಟರ್ ಇವನ್ನು ಪ್ರಯಾಣದ ದಿನ ಮೈಮೇಲೆಯೇ ತೊಟ್ಟುಕೊಂಡರೆ ಉಳಿದದ್ದು ಒಂದು ಕೈಸಾಮಾನಿನಲ್ಲಿ ಹಿಡಿಸುತ್ತದೆ. ಮೈಗೆ ಎರಡು ಥರ್ಮಲ್, ಒಂದು ಥರ್ಮಲ್ ಪೈಜಾಮ, ತೊಟ್ಟದ್ದಲ್ಲದೆ ಇನ್ನೊಂದು ಪ್ಯಾಂಟ್, ಎರಡು ಅಂಗಿ, ಒಳಉಡುಪು, ಕಾಲುಚೀಲ, ಹಗುರ ರಾತ್ರಿಯುಡುಪು, ಇಷ್ಟೇ. ಬಿಸಿಮಾಡಿದ ಕೊಠಡಿಯಲ್ಲಿ ದಪ್ಪ ರಾತ್ರಿಯುಡುಪು ಬೇಕಾಗುವುದಿಲ್ಲ. ಮಡಚಿದರೆ ಅಂಗೈಯಷ್ಟಾಗುವ ಒಂದು ಬೆನ್ನುಚೀಲ ಮತ್ತು ಒದ್ದೆ ಬಟ್ಟೆಗೆ ಎರಡು ಪ್ಲಾಸ್ಟಿಕ್ ಚೀಲ ಸೇರಿಸಿ. ಚಕ್ರದ ಪೆಟ್ಟಿಗೆಯನ್ನು ಹಿಮ ತುಂಬಿದ ಕಾಲುದಾರಿಯಲ್ಲಿ ಎಳೆಯುವುದು ಪ್ರಯಾಸವಾದ್ದರಿಂದ ಬೆನ್ನಿಗೆ ಹಾಕುವ ಚೀಲವೇ ಮೇಲು.

ಹಂತ 7: ಬೆಳಕಿಗೆ ತಕ್ಕಂತೆ ದಿನ ಹೊಂದಿಸಿ

ದಿನದ ಅತಿ ಹೆಚ್ಚಿನ ಚಳಿ ನಡುರಾತ್ರಿಯಲ್ಲಿರುವುದಿಲ್ಲ, ಸೂರ್ಯೋದಯದ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯ ಪ್ರವಾಸದಂತೆ ಮುಂಜಾನೆಯೇ ಹೊರಬಿದ್ದು ಬೀದಿ ಸುತ್ತುವ ಕ್ರಮ ಇಲ್ಲಿ ಲಾಭದಾಯಕವಲ್ಲ. ಒಳ್ಳೆಯ ಕ್ರಮವೆಂದರೆ, ಬೆಳಗಿನ ಉಪಾಹಾರವನ್ನು ನಿಧಾನವಾಗಿ ಮುಗಿಸಿ, ಹತ್ತು ಗಂಟೆಯಿಂದ ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚಿನವರೆಗಿನ ಅವಧಿಯನ್ನು ಪೂರ್ತಿಯಾಗಿ ಬಯಲಿನ ನೋಟಗಳಿಗೆ ಮೀಸಲಿಟ್ಟು, ಕತ್ತಲಾಗುವ ಹೊತ್ತಿಗೆ ಸಂಗ್ರಹಾಲಯಕ್ಕೋ ಚಿತ್ರಶಾಲೆಗೋ ಸೇರಿಕೊಳ್ಳುವುದು. ಸಂಗ್ರಹಾಲಯದೊಳಗೆ ಹಗಲೂ ರಾತ್ರಿಯೂ ಒಂದೇ; ಅಮೂಲ್ಯವಾದ ಮಧ್ಯಾಹ್ನದ ಬೆಳಕನ್ನು ಅಲ್ಲಿ ಕಳೆಯುವುದು ನಷ್ಟ. ಸಂಜೆ ಬೇಗ ಮುಚ್ಚುವ ಸಂಗ್ರಹಾಲಯವಾದರೆ ವಾರದಲ್ಲಿ ಒಂದು ದಿನ ಅದು ತಡವಾಗಿ ತೆರೆದಿರುವುದೇ ಎಂದು ಹುಡುಕಿ, ಬಹಳ ಕಡೆ ಅಂಥ ದಿನ ಇರುತ್ತದೆ.

ಸೂರ್ಯ ಎಷ್ಟು ತಗ್ಗಿನಲ್ಲಿರುತ್ತಾನೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಸುಮಾರು 16 ಡಿಗ್ರಿಯಷ್ಟೇ ಮೇಲಿರುತ್ತಾನೆ. ಹತ್ತು ಮೀಟರ್ ಎತ್ತರದ ಕಟ್ಟಡದ ನೆರಳು ಮೂವತ್ತು ಮೀಟರಿಗೂ ಹೆಚ್ಚು ದೂರ ಚಾಚುತ್ತದೆ. ಕಿರಿದಾದ ಬೀದಿಗಳಿಗೆ ಬಿಸಿಲೇ ಬೀಳದಿರಬಹುದು. ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಕಟ್ಟಡಗಳು ಮಧ್ಯಾಹ್ನ ಬೆಳಗುತ್ತವೆ, ಉತ್ತರಕ್ಕೆ ಮುಖ ಮಾಡಿದವುಗಳಿಗೆ ಇಡೀ ಚಳಿಗಾಲ ನೇರ ಬಿಸಿಲಿಲ್ಲ. ದಕ್ಷಿಣಾರ್ಧಗೋಳದಲ್ಲಿ ಇದು ತಿರುಗುಮುರುಗು. ನಕ್ಷೆಯಲ್ಲಿ ದಿಕ್ಕು ನೋಡಿ ಯಾವ ಚೌಕಕ್ಕೆ ಯಾವಾಗ ಹೋಗಬೇಕೆಂದು ಗೊತ್ತುಮಾಡಿಕೊಂಡರೆ ಫೋಟೊ ಚೆನ್ನಾಗಿ ಬರುವುದಷ್ಟೇ ಅಲ್ಲ, ನಿಂತು ನೋಡುವಾಗ ಬೆನ್ನಿಗೆ ಬಿಸಿಲೂ ಸಿಗುತ್ತದೆ.

ಎತ್ತರದ ವೀಕ್ಷಣಾಸ್ಥಳಕ್ಕೆ ಬೆಳಗ್ಗೆ ಹೋಗಬೇಡಿ. ಶಾಂತವಾದ ಚಳಿಗಾಲದ ರಾತ್ರಿಯಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂರುವುದರಿಂದ ಮಂಜು ಮತ್ತು ಹೊಗೆ ಕೆಳಗೇ ಸಿಕ್ಕಿಕೊಂಡಿರುತ್ತವೆ. ಬಿಸಿಲೇರಿದ ಮೇಲೆ ಅದು ಚದುರುತ್ತದೆ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ ಏರಿದರೆ ಹಗಲಿನ ನೋಟ, ಸಂಜೆಯ ಬಣ್ಣ, ದೀಪ ಹತ್ತಿದ ನಗರ, ಮೂರೂ ಒಂದೇ ಸಲಕ್ಕೆ ಸಿಗುತ್ತವೆ. ಸೂರ್ಯ ಮುಳುಗಿ ದಿಗಂತದ 6 ಡಿಗ್ರಿ ಕೆಳಗಿಳಿಯುವವರೆಗಿನ ಮುಸ್ಸಂಜೆಯಲ್ಲಿ ಆಕಾಶದಲ್ಲಿ ಸಾಕಷ್ಟು ಬೆಳಕಿರುತ್ತದೆ, ಎತ್ತರದ ಅಕ್ಷಾಂಶಗಳಲ್ಲಿ ಅದು ಬಹಳ ಹೊತ್ತು ನಿಲ್ಲುತ್ತದೆ.

ಒಂದು ದಿನಕ್ಕೆ ಒಂದೇ ಬಡಾವಣೆ ಎಂದು ಇಟ್ಟುಕೊಳ್ಳಿ. ಬಯಲಿನ ನಡಿಗೆಯ ನಡುವೆ ಗಂಟೆಗೊಮ್ಮೆ, ಹೆಚ್ಚೆಂದರೆ ಒಂದೂವರೆ ಗಂಟೆಗೊಮ್ಮೆ ಒಳಗೆ ಕೂರುವ ತಾಣವನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿ: ಗ್ರಂಥಾಲಯ, ಮುಚ್ಚಿದ ಮಾರುಕಟ್ಟೆ, ರೈಲು ನಿಲ್ದಾಣ, ಸಸ್ಯೋದ್ಯಾನದ ಗಾಜಿನ ಮನೆ. ಮೈ ನಡುಗಲು ಶುರುವಾದ ಮೇಲೆ ತಾಣ ಹುಡುಕುವುದು ತಡವಾದ ಮಾತು. ಟ್ರಾಮ್ ಅಥವಾ ನೆಲದ ಮೇಲೆ ಓಡುವ ಬಸ್ಸು ಬೆಚ್ಚಗೆ ಕೂತು ಊರು ನೋಡುವ ಸಾಧನವೂ ಹೌದು. ತಲುಪಿದ ಮೊದಲ ದಿನ ಒಂದು ಉದ್ದದ ಮಾರ್ಗದಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ ಬಂದರೆ ನಗರದ ವಿನ್ಯಾಸ ಮನಸ್ಸಿನಲ್ಲಿ ಕೂರುತ್ತದೆ. ಪ್ರವಾಸಿ ಪಾಸ್ ಕೊಳ್ಳುವ ಮುನ್ನ ಚಿಕ್ಕ ಹಗಲಿನಲ್ಲಿ ನಿಜವಾಗಿ ಎಷ್ಟು ಸ್ಥಳ ನೋಡಲಾಗುತ್ತದೆ ಎಂದು ಲೆಕ್ಕ ಹಾಕಿ. ದಿನಕ್ಕೆ ಎರಡು ಅಥವಾ ಮೂರು ಟಿಕೆಟ್ ಸ್ಥಳಗಳಿಗಿಂತ ಹೆಚ್ಚು ಆಗುವುದಿಲ್ಲ, ಆದ್ದರಿಂದ ಬಿಡಿ ಟಿಕೆಟ್ ಎಷ್ಟೋ ಸಲ ಅಗ್ಗ.

ಹಂತ 8: ನಡೆಯುವಾಗ ದೇಹದ ಕಡೆ ಗಮನ

ಜಾರುವ ದಾರಿಯಲ್ಲಿ ಹೆಜ್ಜೆ ಚಿಕ್ಕದಾಗಿರಲಿ, ಪಾದವನ್ನು ಹಿಮ್ಮಡಿಯಿಂದ ಊರದೆ ಸಮತಟ್ಟಾಗಿ ಇಡಿ, ಮೈಭಾರ ಮುಂದಿನ ಕಾಲಿನ ಮೇಲಿರಲಿ, ಕೈಗಳು ಜೇಬಿನಿಂದ ಹೊರಗಿರಲಿ. ಸೇತುವೆಗಳ ಮೇಲೆ, ಕಟ್ಟಡದ ನೆರಳಿನಲ್ಲಿ, ಕಲ್ಲಿನ ಮೆಟ್ಟಿಲುಗಳ ಮೇಲೆ ಕಾಣದ ಮಂಜುಗಡ್ಡೆ ಹೆಚ್ಚು.

ಚಳಿಯಲ್ಲಿ ಬಾಯಾರಿಕೆ ಕಡಿಮೆಯೆನಿಸಿದರೂ ದೇಹ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಒಣಗಾಳಿಯಲ್ಲಿ ಉಸಿರಿನ ಮೂಲಕ ತೇವ ಹೋಗುತ್ತದೆ, ಮೂತ್ರದ ಪ್ರಮಾಣವೂ ಹೆಚ್ಚುತ್ತದೆ. ಆಗಾಗ ಬಿಸಿನೀರು ಗುಟುಕರಿಸಿ. ಮದ್ಯ ಬೆಚ್ಚಗೆನಿಸಿದರೂ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ದೇಹದ ಒಳಶಾಖವನ್ನು ಹೊರಹಾಕುತ್ತದೆ, ಹೊರಗೆ ನಡೆಯುವ ಹೊತ್ತಿಗೆ ಅದು ತಕ್ಕುದಲ್ಲ. ಮೂಗು, ಕಿವಿ, ಬೆರಳ ತುದಿ ಬಿಳಿಚಿ ಮರಗಟ್ಟಿದರೆ ತಕ್ಷಣ ಒಳಗೆ ಹೋಗಿ ಕಂಕುಳಲ್ಲಿಟ್ಟೋ ಬೆಚ್ಚಗಿನ ಅಂಗೈಯಿಂದಲೋ ಬಿಸಿ ಕೊಡಿ. ಉಜ್ಜಬೇಡಿ, ಹಿಮದಿಂದಂತೂ ಉಜ್ಜಲೇಬೇಡಿ, ಬೆಂಕಿಗೆ ಹಿಡಿಯಬೇಡಿ. ಜೊತೆಗಾರರ ಮಾತು ತೊದಲುತ್ತಿದ್ದರೆ, ಹೆಜ್ಜೆ ತಪ್ಪುತ್ತಿದ್ದರೆ, ಜೋರು ನಡುಕ ಇದ್ದಕ್ಕಿದ್ದಂತೆ ನಿಂತುಹೋದರೆ ಅದು ವೈದ್ಯಕೀಯ ತುರ್ತು. ತಡಮಾಡದೆ ತುರ್ತು ಸೇವೆಗೆ ಕರೆಮಾಡಿ. ಆ ದೇಶದ ತುರ್ತು ಸಂಖ್ಯೆಯನ್ನು, ತಂಗಿದ ಸ್ಥಳದ ವಿಳಾಸವನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಡುವುದು ಇದಕ್ಕಾಗಿಯೇ, ಏಕೆಂದರೆ ಫೋನ್ ಆರಿಹೋಗುವ ಸಂಭವ ಚಳಿಯಲ್ಲೇ ಹೆಚ್ಚು.

ಹಂತ 9: ಸಂಜೆ ಕೊಠಡಿಯಲ್ಲಿ ಮತ್ತು ಕೊನೆಯ ದಿನ

ಕೊಠಡಿಗೆ ಬಂದ ಕೂಡಲೇ ಶೂ ಬಿಚ್ಚಿ, ಒಳಹಾಸು ಹೊರತೆಗೆದು, ಒಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆಮಾಡಿ ತುಂಬಿ. ಮಲಗುವ ಮುನ್ನ ಒಮ್ಮೆ ಹಾಳೆ ಬದಲಿಸಿದರೆ ಬೆಳಗ್ಗೆಗೆ ಬಹುಪಾಲು ಒಣಗಿರುತ್ತದೆ. ಹೀಟರ್‌ಗೆ ಒತ್ತಿ ಇಟ್ಟರೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ತೊಳೆದ ಕಾಲುಚೀಲ, ಥರ್ಮಲ್‌ಗಳನ್ನು ಒಣ ಟವೆಲಿನಲ್ಲಿ ಸುತ್ತಿ ಹಿಂಡಿ ಹರವಿ. ಬಿಸಿಮಾಡಿದ ಕೊಠಡಿಯ ಒಣಗಾಳಿಯಲ್ಲಿ ಅವು ಬೇಗ ಒಣಗುತ್ತವೆ, ಜೊತೆಗೆ ಗಂಟಲು ಒಣಗದಂತೆ ಕೊಠಡಿಗೆ ಸ್ವಲ್ಪ ತೇವವನ್ನೂ ಕೊಡುತ್ತವೆ.

ಕೊನೆಯ ದಿನ ದೂರದ ಸ್ಥಳ ಇಟ್ಟುಕೊಳ್ಳದೆ ನಿಲ್ದಾಣದ ಕಡೆಗಿನ ಬಡಾವಣೆಯನ್ನೇ ನೋಡಿ. ಹಿಮ ಬಿದ್ದರೆ ರಸ್ತೆ ಸಂಚಾರ ನಿಧಾನವಾಗುವುದರಿಂದ ವಿಮಾನಕ್ಕೋ ರೈಲಿಗೋ ಮಾಮೂಲಿಗಿಂತ ಒಂದು ಗಂಟೆ ಮುಂಚೆ ಹೊರಡಿ. ಒದ್ದೆ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯಾಗಿಡಿ, ಒಂದು ಒಣ ಕಾಲುಚೀಲದ ಜೊತೆಯನ್ನು ಮೇಲೆಯೇ ಇಟ್ಟುಕೊಳ್ಳಿ. ಮನೆ ತಲುಪಿದ ದಿನವೇ ಡೌನ್ ಜಾಕೆಟನ್ನು ಚೀಲದಿಂದ ತೆಗೆದು ಕೊಡವಿ ಗಾಳಿಗೆ ತೂಗುಹಾಕಿ, ಏಕೆಂದರೆ ಒತ್ತಿ ಮಡಚಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಅದರ ಗರಿಗಳು ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತವೆ.